ಪೇಟ ಕಟ್ಟಿದ ಬಸ್ ಚಾಲಕ

1967ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ ನಗರದ ಬಸ್ ಚಾಲಕ ತರ್ಸೇಮ್ ಸಿಂಗ್ ಸಂಧು, ಅನಾರೋಗ್ಯದ ರಜೆ ಮುಗಿಸಿ, ಗಡ್ಡ ಬಿಟ್ಟು ಪೇಟ ಕಟ್ಟಿಕೊಂಡು ಕೆಲಸಕ್ಕೆ ಬಂದರು. ಅವರನ್ನು ಮನೆಗೆ ಕಳುಹಿಸಲಾಯಿತು. ಚಾಲಕರು ಗಡ್ಡ ಬೋಳಿಸಿರಬೇಕು, ಸಮವಸ್ತ್ರದ ಟೋಪಿಯನ್ನೇ ಹಾಕಬೇಕು ಎಂಬುದು ನಿಯಮ. ಕಾಗದದ ಮೇಲೆ ಅದು ಎಲ್ಲರಿಗೂ ಒಂದೇ. ಉಳಿದವರಿಗೆ ಬರೀ ಉಡುಪಿನ ಮಾತು. ಶ್ರದ್ಧಾವಂತ ಸಿಖ್ಖರಿಗೆ ಮಾತ್ರ ಧರ್ಮ ಇಲ್ಲವೇ ಅನ್ನ, ಎರಡರಲ್ಲೊಂದನ್ನು ಬಿಡುವ ಮಾತು.

ಕಾನೂನಿನ ಆಸರೆಯಿಲ್ಲದೆ ಹೋರಾಟ ಬೀದಿಗೆ ಬಂತು. ಸಾವಿರಾರು ಸಿಖ್ಖರು ಮೆರವಣಿಗೆ ಹೊರಟರು. ಅದೇ ಊರಿನ ಸಂಸದ ಈನಕ್ ಪೊವೆಲ್, 1968ರ ಏಪ್ರಿಲ್‌ನ ತಮ್ಮ ಕುಖ್ಯಾತ ಭಾಷಣದಲ್ಲಿ ಸಿಖ್ಖರ ಈ ಚಳವಳಿಯನ್ನು ಅಪಾಯದ ಸೂಚನೆಯೆಂಬಂತೆ ಎತ್ತಿ ತೋರಿಸಿದರು. ಆ ವರ್ಷವೇ ಬಂದ ಜನಾಂಗ ಸಂಬಂಧಗಳ ಕಾಯ್ದೆ ಉದ್ಯೋಗದಲ್ಲಿ ಬಣ್ಣ, ಜನಾಂಗ, ರಾಷ್ಟ್ರಮೂಲದ ತಾರತಮ್ಯವನ್ನು ನಿಷೇಧಿಸಿತು, ಧರ್ಮದ ಹೆಸರೆತ್ತಲಿಲ್ಲ. ಸಿಖ್ ಮುಖಂಡ ಸೋಹನ್ ಸಿಂಗ್ ಜಾಲಿ ಮೈಗೆ ಬೆಂಕಿ ಹಚ್ಚಿಕೊಳ್ಳುವುದಾಗಿ ಸಾರಿದ ಮೇಲೆ, 1969ರ ಏಪ್ರಿಲ್‌ನಲ್ಲಿ ನಿಷೇಧ ತೆರವಾಯಿತು.

ಉದ್ಯೋಗದಲ್ಲಿ ಧರ್ಮದ ತಾರತಮ್ಯ ಸಲ್ಲದೆಂದು ಇಂಗ್ಲೆಂಡಿನ ಕಾನೂನು ಸ್ಪಷ್ಟವಾಗಿ ಹೇಳಿದ್ದು 2003ರಲ್ಲಿ. ಎಲ್ಲರಿಗೂ ಒಂದೇ ಎನ್ನುವ ನಿಯಮ ಒಂದು ಧರ್ಮದವರಿಗೆ ಹೆಚ್ಚು ಪೆಟ್ಟು ಕೊಟ್ಟರೆ, ಅದು ಏಕೆ ಬೇಕೆಂದು ಇನ್ನು ಮುಂದೆ ಮಾಲೀಕನೇ ಸಮರ್ಥಿಸಬೇಕು. ಸಂಧು ಎತ್ತಿದ ಪ್ರಶ್ನೆಗೆ ಧರ್ಮದ ಹೆಸರೆತ್ತಿಯೇ ಕಾನೂನು ಉತ್ತರಿಸಲು 36 ವರ್ಷ ಹಿಡಿಯಿತು.