ಮತ, ಮಗ್ಗ, ಹೆಂಚು

ಹಳೆಯ ಮಂಗಳೂರು ಹೆಂಚೊಂದು ಕೈಗೆ ಸಿಕ್ಕರೆ ಅದನ್ನು ಮಗುಚಿ ನೋಡಿ. ಬಾಸೆಲ್ ಮಿಶನ್ನಿನ ಹೆಸರೂ 1865 ಎಂಬ ಇಸವಿಯೂ ಅದರ ಮೈಮೇಲೆ ಅಚ್ಚಾಗಿರುವುದುಂಟು. ಧರ್ಮಬೋಧೆಗೆಂದು ಕಡಲು ದಾಟಿ ಬಂದವರಿಗೆ ಹೆಂಚಿನ ಗೊಡವೆ ಏಕೆ ಬೇಕಾಯಿತು?

1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಪಾದ್ರಿಗಳು ಈ ಮಿಶನ್ನಿನ ಪರವಾಗಿ ಮಂಗಳೂರಿಗೆ ಬಂದರು. ಮುಂದೆ ಅವರ ಬೋಧೆಗೆ ಒಲಿದವರಲ್ಲಿ ಮರದಿಂದ ಕಳ್ಳು ಇಳಿಸಿ ಬಾಳುತ್ತಿದ್ದ ಬಿಲ್ಲವರು ಬಹುಮಂದಿ. ಕ್ರೈಸ್ತರಾದವರು ಆ ಕಸುಬನ್ನು ಬಿಡಬೇಕಾಯಿತು. ಕುಲದವರು ನಂಟು ಕಡಿದುಕೊಂಡರು. ಗೇಣಿಯ ಭೂಮಿ ಕಳೆದುಕೊಂಡವರೂ ಉಂಟು. ಹೊಸ ಮತವೇನೋ ದೊರೆಯಿತು, ಒಲೆ ಉರಿಯುವ ಬಗೆ ಹೇಗೆ? ದಿನವೂ ಅಕ್ಕಿ ಅಳೆದುಕೊಟ್ಟರೆ ಹಸಿವು ಅಡಗೀತು, ಮಾನ ಉಳಿಯದು.

ಈ ಪಾದ್ರಿಗಳಲ್ಲಿ ಅನೇಕರು ದಕ್ಷಿಣ ಜರ್ಮನಿಯ ರೈತರ, ಕುಶಲಕರ್ಮಿಗಳ ಮನೆಗಳಿಂದ ಬಂದವರು. ಪ್ರಾರ್ಥನೆಯಷ್ಟೇ ದುಡಿಮೆಯೂ ದೇವರ ಸೇವೆ ಎಂಬುದು ಅವರು ಬೆಳೆದ ಸಂಪ್ರದಾಯ. ಶರಣರ ಕಾಯಕವನ್ನು ಬಲ್ಲ ಕನ್ನಡಿಗರಿಗೆ ಇದು ಅಪರಿಚಿತ ಮಾತಲ್ಲ. 1841ರಲ್ಲಿ ಮುದ್ರಣಾಲಯ ಬಂತು. 1843ರಲ್ಲಿ ಅಲ್ಲಿಂದಲೇ ‘ಮಂಗಳೂರ ಸಮಾಚಾರ’ ಹೊರಟಿತು. 1851ರಲ್ಲಿ ಬಂದ ಹಾಲರ್ ಎಂಬ ನೇಕಾರರು ಮಗ್ಗದ ಕೆಲಸವನ್ನು ಸುಧಾರಿಸಿದರು; ಖಾಕಿ ಬಣ್ಣದ ಬಟ್ಟೆಯ ಕೀರ್ತಿಯನ್ನೂ ಅವರಿಗೆ ಸಲ್ಲಿಸುವವರಿದ್ದಾರೆ. 1865ರಲ್ಲಿ ಪ್ಲೆಬ್‌ಸ್ಟ್ ಎಂಬ ಯಂತ್ರಕುಶಲರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಹೊಳೆಯ ದಂಡೆಯ ಜೇಡಿಮಣ್ಣು ಅಚ್ಚಿನಲ್ಲಿ ರೂಪತಳೆದು, ಆವಿಗೆಯಲ್ಲಿ ಬೆಂದು, ಬೆಂಕಿಗೆ ಬೆದರುತ್ತಿದ್ದ ಹುಲ್ಲುಮಾಡುಗಳ ಜಾಗಕ್ಕೆ ಏರಿತು.

ಇದರಲ್ಲಿ ತೊಡಕಿರಲಿಲ್ಲವೆಂದಲ್ಲ. ಪಾದ್ರಿಯ ಮಿಶನ್ನೇ ಕೂಲಿ ಕೊಡುವ ಧಣಿಯೂ ಆದಾಗ, ಭಕ್ತಿ ಯಾವುದು, ಹೊಟ್ಟೆಪಾಡು ಯಾವುದು ಎಂದು ಬೇರ್ಪಡಿಸುವುದು ಕಷ್ಟ. ವ್ಯಾಪಾರವು ಧರ್ಮಸಂಸ್ಥೆಗೆ ತಕ್ಕುದೇ ಎಂಬ ಚರ್ಚೆ ಅವರೊಳಗೂ ನಡೆಯಿತು. ಆದರೂ ಒಂದು ಮಾತನ್ನು ಒಪ್ಪಬೇಕು. ನೆಲೆ ತಪ್ಪಿದವನಿಗೆ ಉಪದೇಶದ ಜೊತೆಗೆ ಒಂದು ಕಸುಬನ್ನು ಕಲಿಸಿದ್ದು ಅವನನ್ನು ಮತ್ತೆ ತನ್ನ ಕಾಲಮೇಲೆ ನಿಲ್ಲಿಸಿತು.

1914ರಲ್ಲಿ ಮೊದಲ ಮಹಾಯುದ್ಧ ತೊಡಗಿತು. ಜರ್ಮನ್ ಪಾದ್ರಿಗಳು ಬಂಧನಕ್ಕೆ ಒಳಗಾದರು. ಕಾರ್ಖಾನೆಗಳು ಮುಂದೆ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಅಷ್ಟರಲ್ಲಿ ಹೆಂಚಿನ ವಿದ್ಯೆ ಊರಿನದೇ ಆಗಿತ್ತು. ಸ್ಥಳೀಯರೂ ಕಾರ್ಖಾನೆಗಳನ್ನು ಕಟ್ಟಿದ್ದರು. ಆ ಹೆಂಚು ಇಗರ್ಜಿಗೂ ಗುಡಿಗೂ ಮಸೀದಿಗೂ ಒಂದೇ ತೆರನಾಗಿ ನೆರಳಾಯಿತು. ಸಾವಿರಾರು ಮಳೆಗಾಲದ ರಾತ್ರಿಗಳಲ್ಲಿ ಅದರಡಿ ಸೋರದೆ ಮಲಗಿದವರನ್ನು ಅದು ಮತ ಯಾವುದೆಂದು ಕೇಳಲಿಲ್ಲ.