ಸುಮ್ಮನಿರದ ಗಡ್ಡೆ

ಹೊಟ್ಟೆನೋವು ಅಂದ್ರೆ ಗ್ಯಾಸ್ಟ್ರಿಕ್ಕು, ಬಿಪಿ ಜಾಸ್ತಿ ಅಂದ್ರೆ ಟೆನ್ಷನ್ನು. ನಮ್ಮಲ್ಲಿ ಎರಡಕ್ಕೂ ಉತ್ತರ ರೆಡಿ. ಬಹಳ ಸಲ ಅದು ಸರಿಯೂ ಇರುತ್ತೆ. ಆದರೆ ಎರಡೂ ಒಟ್ಟಿಗೆ, ಜೊತೆಗೆ ತಲೆನೋವು, ಬೆವರು, ಎದೆಬಡಿತ ಸೇರಿ, ಬಂದು ಹೋಗಿ ಮತ್ತೆ ಬಂದರೆ ವೈದ್ಯರು ಒಂದು ಅಪರೂಪದ ಹೆಸರನ್ನೂ ನೆನೆಯಬೇಕು: ಫಿಯೋಕ್ರೋಮೋಸೈಟೋಮಾ. ಮೂತ್ರಪಿಂಡದ ನೆತ್ತಿ ಮೇಲೆ ಕೂತಿರೋ ಅಡ್ರಿನಲ್ ಗ್ರಂಥಿಯಲ್ಲಿ ಬೆಳೆಯೋ ಗಡ್ಡೆ ಅದು.

ಇದರ ಚರಿತ್ರೆ ಶುರುವಾಗೋದು 1886ರಲ್ಲಿ, ಜರ್ಮನಿಯ ಫ್ರೈಬರ್ಗ್‌ನಲ್ಲಿ. ಮಿನ್ನಾ ರೋಲ್‌ಗೆ ಆಗ 18 ವರ್ಷ. ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳೋದು, ಗಾಬರಿ, ತಲೆನೋವು, ವಾಂತಿ. ಬಿಪಿ ನೋಡೋಣ ಅಂದ್ರೆ ತೋಳಿಗೆ ಪಟ್ಟಿ ಕಟ್ಟಿ ಅಳೆಯುವ ರಿವಾ-ರೊಚ್ಚಿಯ ಉಪಕರಣ ಬಂದಿದ್ದೇ 1896ರಲ್ಲಿ. ವೈದ್ಯರ ಬೆರಳಿಗೆ ಸಿಕ್ಕಿದ್ದು ಒತ್ತಿದರೂ ಬಗ್ಗದ ನಾಡಿ ಮಾತ್ರ.

ಹುಡುಗಿ ಉಳಿಯಲಿಲ್ಲ. ಮರಣೋತ್ತರ ಪರೀಕ್ಷೆಯಲ್ಲಿ ಎರಡೂ ಅಡ್ರಿನಲ್‌ಗಳಲ್ಲಿ ಗಡ್ಡೆ ಕಂಡವು. ಫೆಲಿಕ್ಸ್ ಫ್ರೆಂಕೆಲ್ ವರದಿ ಬರೆದರು. ಮೂತ್ರಪಿಂಡದ ಉರಿಯೂತ, ರಕ್ತನಾಳಗಳ ಬದಲಾವಣೆ, ಕಣ್ಣಿನ ತೊಂದರೆ ಎಲ್ಲವನ್ನೂ ದಾಖಲಿಸಿದರು. ಗಡ್ಡೆಗಳನ್ನು ಮಾತ್ರ, ಯಾವ ಲಕ್ಷಣವನ್ನೂ ತೋರದೆ ಅಡಗಿದ್ದವು ಅಂತ ಶೀರ್ಷಿಕೆಯಲ್ಲೇ ಹೇಳಿಬಿಟ್ಟರು! ಅವು ಅಷ್ಟೂ ಹೊತ್ತು ಕೂಗಿಕೊಳ್ತಾನೇ ಇದ್ದವು. ಆ ಕೂಗು ಎಲ್ಲಿಂದ ಅನ್ನೋದು ಆಗ ಯಾರಿಗೂ ತಿಳಿಯುವಂತಿರಲಿಲ್ಲ.

1912ರಲ್ಲಿ ಲುಡ್ವಿಗ್ ಪಿಕ್ ಈ ಗಡ್ಡೆಗೆ ಹೆಸರಿಟ್ಟರು. 1926ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಸೀಸರ್ ರೂ, ಅಮೆರಿಕದಲ್ಲಿ ಚಾರ್ಲ್ಸ್ ಮೇಯೋ ಇಂಥ ಗಡ್ಡೆ ತೆಗೆದು ರೋಗಿಗಳನ್ನು ಉಳಿಸಿದರು. ಮೇಯೋಗೆ ಅದು ಗೊತ್ತಾಗಿದ್ದು ಹೊಟ್ಟೆ ತೆರೆದ ಮೇಲೆಯೇ. ಗಡ್ಡೆ ರಕ್ತಕ್ಕೆ ಅಡ್ರಿನಲಿನ್, ನಾರ್‌ಅಡ್ರಿನಲಿನ್ ಸುರೀತಾ ಇರುತ್ತೆ ಅನ್ನೋದು ಆಮೇಲೆ ಸ್ಪಷ್ಟವಾಯ್ತು. ಈಗ ರಕ್ತ ಅಥವಾ 24 ಗಂಟೆಯ ಮೂತ್ರದ ಪರೀಕ್ಷೆ, ಆಮೇಲೊಂದು ಸ್ಕ್ಯಾನ್ ಮಾಡಿದ್ರೆ ಸಾಮಾನ್ಯವಾಗಿ ಪತ್ತೆಯಾಗುತ್ತೆ. ಗೊತ್ತಿಲ್ಲದೆ ಬೇರೆ ಆಪರೇಷನ್‌ಗೆ ಇಳಿದರೆ ಬಿಪಿ ಏಕಾಏಕಿ ಏರಿ ಜೀವಕ್ಕೇ ಕುತ್ತು.

ಮಿನ್ನಾಳ ಕಥೆ ಅಲ್ಲಿಗೆ ಮುಗಿಯಲಿಲ್ಲ. 2007ರಲ್ಲಿ ಸಂಶೋಧಕರು ಅವಳ ವಂಶದವರನ್ನು ಹುಡುಕಿ ಪರೀಕ್ಷಿಸಿದಾಗ, ಬದುಕಿದ್ದವರಲ್ಲೂ ರೆಟ್ ಎಂಬ ಜೀನ್‌ನ ದೋಷ ಸಿಕ್ಕಿತು. ಅಡ್ರಿನಲ್ ಜೊತೆಗೆ ಥೈರಾಯ್ಡ್‌ನಲ್ಲೂ ಗಡ್ಡೆ ತರಬಲ್ಲ ದೋಷ ಅದು. ಅಪ್ಪ ಅಥವಾ ಅಮ್ಮನಲ್ಲಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. 121 ವರ್ಷಗಳ ನಂತರ ಅವಳ ಕಾಯಿಲೆಯ ಬೇರು ಸಿಕ್ಕಿದ್ದು ಮನೆತನದಲ್ಲಿ.

ಹಾಗಾಗಿ ಹೆಲ್ತ್ ಚೆಕಪ್ ಫಾರ್ಮಿನಲ್ಲಿ ಕುಟುಂಬದ ಕಾಯಿಲೆಗಳ ಕಾಲಂ ಬಂದಾಗ, 'ಇಲ್ಲ' ಅಂತ ಟಿಕ್ ಹಾಕೋ ಮುಂಚೆ ಒಂದ್ಸಲ ಅಮ್ಮನಿಗೆ ಫೋನ್ ಮಾಡಿ.