ಅವ್ವ ಎಸ್ಟಿ, ಮಗ ಅಲ್ಲ: ಕಲಘಟಗಿ ಕಾಡಿನ ಒಂದು ಗೆರೆಯ ಕಥೆ

ನಮ್ಮೂರು ಸಂಶಿ. ಎಲ್ಲಿದೆ ಅಂತ ಕೇಳುವವರಿಗೆ: ಧಾರವಾಡ ಜಿಲ್ಲೆ, ಕುಂದಗೋಳ ತಾಲೂಕು. ಹುಬ್ಬಳ್ಳಿಯಿಂದ ಹಾವೇರಿ ಕಡೆ ಹೋಗುವ ಪ್ಯಾಸೆಂಜರ್ ಗಾಡಿ ಹತ್ತಿದರೆ ಕುಂದಗೋಳ ದಾಟಿದ ಮೇಲೆ ಬರುತ್ತದೆ. ಎತ್ತ ನೋಡಿದರೂ ಎರಿ ಹೊಲ. ಹತ್ತಿ, ಮೆಣಸಿನಕಾಯಿ, ಜೋಳ, ಕಡಲೆ. ಗಿಡದ ನೆರಳು ಬೇಕೆಂದರೆ ಹುಡುಕಬೇಕು. ಅದೇ ಜಿಲ್ಲೆಯ ಪಡುವಣ ತುದಿಯ ಕಲಘಟಗಿ ಬೇರೆಯೇ ಲೋಕ. ಬತ್ತದ ಗದ್ದೆ, ಸಾಗವಾನಿ, ಮಳೆಗಾಲದಲ್ಲಿ ಬಿಡದೆ ಸುರಿಯುವ ಜಿಟಿಜಿಟಿ. ನಮ್ಮ ಕಡೆಯವರಿಗೆ ಕಲಘಟಗಿ ಎಂದರೆ ಬಣ್ಣದ ತೊಟ್ಟಿಲು, ಅಷ್ಟೇ.

ಕಲಘಟಗಿಯಿಂದ ಯಲ್ಲಾಪುರದ ದಾರಿ ಹಿಡಿದರೆ ಕಿರವತ್ತಿ ಬರುವ ಮೊದಲೇ ಜಿಲ್ಲೆ ಬದಲಾಗಿ ಉತ್ತರ ಕನ್ನಡ ಆಗಿರುತ್ತದೆ. ಬಸ್ಸಿನಲ್ಲಿ ಕೂತವರಿಗೆ ರಸ್ತೆ ಪಕ್ಕದ ಬೋರ್ಡು ಕಾಣದಿದ್ದರೆ ಗೊತ್ತೇ ಆಗುವುದಿಲ್ಲ. ಅದೇ ಮರ, ಅದೇ ಮಣ್ಣು, ಮನೆಯಲ್ಲಿ ಅದೇ ಮಾತು. ಆದರೆ ಆ ಬೋರ್ಡಿನ ಎರಡೂ ಬದಿಗೆ ಇರುವ ಒಂದು ಸಮುದಾಯದ ಬದುಕನ್ನು ಅದೇ ಗೆರೆ 17 ವರ್ಷ ಎರಡು ಹೋಳು ಮಾಡಿತ್ತು. ಆ ಸಮುದಾಯ ಸಿದ್ದಿಗಳು. ಈ ಸಲ ಬರೆಯಬೇಕೆಂದಿರುವುದು ಆ ಗೆರೆಯ ಬಗ್ಗೆಯೇ.

ಸಿದ್ದಿಗಳು ಯಾರು ಅನ್ನುವುದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರುತ್ತದೆ. ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ, ಮುಖ್ಯವಾಗಿ ಮೊಜಾಂಬಿಕ್ ಕಡೆಯಿಂದ, ಗೋವಾಕ್ಕೆ ಗುಲಾಮರನ್ನು ಹಡಗಿನಲ್ಲಿ ತರುತ್ತಿದ್ದರು. ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. ಅದಕ್ಕೂ ಮೊದಲೇ ದಖ್ಖನ್ನಿನ ಸುಲ್ತಾನರ ಸೈನ್ಯಗಳಲ್ಲಿ ಆಫ್ರಿಕಾದವರು ಇದ್ದರು. ಬಿಜಾಪುರದ ಆದಿಲಶಾಹಿಗಳ ದರಬಾರಿನಲ್ಲಂತೂ ದೊಡ್ಡ ಹುದ್ದೆಗೆ ಏರಿದವರೂ ಇದ್ದರು. ಆದರೆ ನಮ್ಮ ಕಾಡಿನ ಸಿದ್ದಿಗಳ ಕಥೆಯಲ್ಲಿ ದರಬಾರು ಕಡಿಮೆ, ತಪ್ಪಿಸಿಕೊಂಡು ಓಡಿದ್ದೇ ಹೆಚ್ಚು. ಇವತ್ತು ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ, ಜೋಯಿಡಾ, ಶಿರಸಿ, ಖಾನಾಪುರ, ಮತ್ತೆ ನಮ್ಮ ಜಿಲ್ಲೆಯ ಕಲಘಟಗಿ ಕಡೆ ಇದ್ದಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಕೊಂಕಣಿ, ಕನ್ನಡ, ಮರಾಠಿ, ಉರ್ದು ಕಲಸಿದ ಮಾತು. ಕಾಡಿನ ಉತ್ಪನ್ನ ಆಯುವುದು, ದನ ಕಾಯುವುದು, ಅಡಿಕೆ ತೋಟದಲ್ಲಿ ಕೂಲಿ ಮಾಡುವುದು, ಎಷ್ಟೋ ಮನೆಗಳಲ್ಲಿ ತಲೆಮಾರುಗಳ ಜೀತ. ನಮ್ಮ ಅಜ್ಜಿಯರು ಹೊಲಿಯುತ್ತಿದ್ದಂಥದ್ದೇ ಕೌದಿಯನ್ನು ಸಿದ್ದಿ ಹೆಂಗಸರೂ ಹೊಲಿಯುತ್ತಾರೆ. ಅವರ ಕೌದಿಗಳು ಅಮೆರಿಕಾದ ಪ್ರದರ್ಶನಗಳಿಗೂ ಹೋಗಿ ಬಂದಿವೆ.

ಈಗ ಗೆರೆಗೆ ಬರೋಣ.

ಟಿಪ್ಪು ಸತ್ತ ಮೇಲೆ, 1799ರಲ್ಲಿ, ಕೆನರಾ ಬ್ರಿಟಿಷರ ಕೈಗೆ ಬಂತು. ಅದನ್ನು ಮದ್ರಾಸ್ ಪ್ರಾಂತ್ಯಕ್ಕೆ ಸೇರಿಸಿದರು. ಹಳಿಯಾಳದ ಕೋಟೆ ಆಗ ಗಡಿಠಾಣೆ. ಆಚೆ ಇದ್ದದ್ದು ಮರಾಠರ ಸೀಮೆ. ಆ ಆಚೆಯ ಸೀಮೆ, ಅಂದರೆ ನಮ್ಮ ಧಾರವಾಡ, 1817-18ರಲ್ಲಿ ಪೇಶ್ವೆಯ ಕೈಯಿಂದ ಬ್ರಿಟಿಷರಿಗೆ ಬಂದು, ಕೊನೆಗೆ ಮುಂಬಯಿ ಪ್ರಾಂತ್ಯದ ಪಾಲಾಯಿತು. ಹೀಗಾಗಿ ಕಲಘಟಗಿಗೂ ಯಲ್ಲಾಪುರಕ್ಕೂ ನಡುವಿನ ಕಾಡಿನಲ್ಲಿ ಮದ್ರಾಸು ಮುಂಬಯಿ ಎರಡೂ ಬಂದು ಮುಟ್ಟುತ್ತಿದ್ದವು. ಆ ಕಾಡಿನಲ್ಲಿ ಯಾರಿದ್ದಾರೆ ಅಂತ ನೋಡಿ ಎಳೆದ ಗೆರೆ ಅದಲ್ಲ. ಒಬ್ಬ ರಾಜನ ಸೀಮೆ ಎಲ್ಲಿ ಮುಗಿಯಿತೋ, ಇನ್ನೊಬ್ಬನದು ಎಲ್ಲಿ ಶುರುವಾಯಿತೋ ಅಲ್ಲಿ ಉಳಿದುಕೊಂಡ ಗೆರೆ.

ಇಲ್ಲಿ ನಮ್ಮ ಎರಿ ಹೊಲದ ಪಾತ್ರವೂ ಇದೆ. 1840ರ ದಶಕದಿಂದಲೇ ಧಾರವಾಡ ಸೀಮೆಯಲ್ಲಿ ಅಮೆರಿಕನ್ ತಳಿಯ ಹತ್ತಿ ಬೆಳೆಸುವ ಪ್ರಯತ್ನ ನಡೆದಿತ್ತು. ಲಂಕಾಶೈರ್ ಗಿರಣಿಗಳಿಗೆ ಆ ಹತ್ತಿ ಬೇಕು. ಸಮೀಪದ ಒಳ್ಳೆಯ ಬಂದರು ಕಾರವಾರ. ತೊಡಕು ಏನೆಂದರೆ ಹತ್ತಿ ಮುಂಬಯಿ ಪ್ರಾಂತ್ಯದ್ದು, ಬಂದರು ಮದ್ರಾಸ್ ಪ್ರಾಂತ್ಯದ್ದು. ಘಟ್ಟದ ರಸ್ತೆ ಯಾರು ಮಾಡಬೇಕು, ದುಡ್ಡು ಯಾರು ಹಾಕಬೇಕು? ವ್ಯಾಪಾರಿಗಳ ಒತ್ತಾಯ ಜೋರಾಯಿತು. 1861ರಲ್ಲಿ ಅಮೆರಿಕಾದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ಬರುವುದೂ ನಿಂತಿತು. 1862ರಲ್ಲಿ ಉತ್ತರ ಕೆನರಾವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ಹತ್ತಿಯ ಬಂಡಿಗಳು ಯಲ್ಲಾಪುರ, ಅರಬೈಲ್ ಘಟ್ಟದ ಮೇಲೆ ಇಳಿದವು. ಅಲ್ಲಿ ಆಫ್ರಿಕಾ ಮೂಲದ ಗುಲಾಮರು ಬೆಳೆಯುತ್ತಿದ್ದ ಹತ್ತಿ ನಿಂತಿದ್ದಕ್ಕೆ ಇಲ್ಲಿ ಆಫ್ರಿಕಾ ಮೂಲದವರ ಕಾಡಿನ ನಡುವೆ ನಮ್ಮ ಹತ್ತಿಯ ಬಂಡಿ ಹೋಯಿತು ಅನ್ನುವುದನ್ನು ಯೋಚಿಸಿದಾಗೆಲ್ಲ ನನಗೆ ವಿಚಿತ್ರ ಅನ್ನಿಸುತ್ತದೆ.

ಪ್ರಾಂತ್ಯ ಒಂದಾಯಿತು, ಆದರೆ ಜಿಲ್ಲೆ ಎರಡಾಗಿಯೇ ಉಳಿದವು. 1956ರಲ್ಲಿ ಎರಡೂ ಮೈಸೂರು ರಾಜ್ಯಕ್ಕೆ ಬಂದಾಗಲೂ ಹಾಗೆಯೇ. ನಮ್ಮ ಬಯಲುಸೀಮೆಯಲ್ಲಿ ಇದಕ್ಕಿಂತ ಹುಚ್ಚು ಗೆರೆಗಳಿದ್ದವು. ಕುಂದಗೋಳ ಜಮಖಂಡಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜಿನದು, ಶಿರಹಟ್ಟಿ ಸಾಂಗಲಿಯದು, ಸವಣೂರು ನವಾಬರದು. 1948ರಲ್ಲಿ ಅವೆಲ್ಲ ವಿಲೀನ ಆಗಿ ಹೋದವು. ಇವತ್ತು ನೀವು ಜಮಖಂಡಿ ಕಡೆಯವರೋ ಧಾರವಾಡ ಕಡೆಯವರೋ ಅಂತ ಸಂಶಿಯಲ್ಲಿ ಯಾರೂ ಕೇಳುವುದಿಲ್ಲ. ಕಾಡಿನ ಗೆರೆ ಮಾತ್ರ ಮುಂದೆ ಬೇರೆ ಕೆಲಸಕ್ಕೆ ಬಂತು.

ಪರಿಶಿಷ್ಟ ಪಂಗಡಗಳ ಪಟ್ಟಿ ನೋಡಿದ್ದೀರಾ? ನಮ್ಮಂಥ ಕೋಡು ಬರೆಯುವವರಿಗೆ ಅದನ್ನು ಓದಿದರೆ ತಕ್ಷಣ ಗೊತ್ತಾಗುತ್ತದೆ, ಅಲ್ಲಲ್ಲಿ ಕಂಡಿಷನ್ ಹಾಕಿದ್ದಾರೆ ಅಂತ. ಕುರುಬ, ಆದರೆ ಕೊಡಗು ಜಿಲ್ಲೆಯಲ್ಲಿ. ಮರಾಠ, ಆದರೆ ಕೊಡಗು ಜಿಲ್ಲೆಯಲ್ಲಿ. ಕಣಿಯನ್, ಆದರೆ ಕೊಳ್ಳೇಗಾಲ ತಾಲೂಕಿನಲ್ಲಿ. ಕೊಡಗು 1956ರವರೆಗೆ ಬೇರೆ ರಾಜ್ಯ, ಕೊಳ್ಳೇಗಾಲ ಆಗ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆ ಹಳೆಯ ಪಟ್ಟಿಗಳನ್ನು ಹಾಗೆ ಹಾಗೆಯೇ ತಂದು ಅಂಟಿಸಿದ್ದಾರೆ. ಇಂಥ ಪ್ರದೇಶದ ನಿರ್ಬಂಧಗಳನ್ನು ತೆಗೆಯಲೆಂದೇ 1976ರಲ್ಲಿ ಸಂಸತ್ತು ಒಂದು ತಿದ್ದುಪಡಿ ಮಾಡಿತು. ಬಹಳಷ್ಟು ಹೋದವು, ಕೆಲವು ಉಳಿದವು.

ಸಿದ್ದಿಗಳ ವಿಷಯದಲ್ಲಿ ಆದದ್ದು ಇನ್ನೂ ವಿಚಿತ್ರ. 2003ರ ಜನವರಿಯಲ್ಲಿ ಜಾರಿಗೆ ಬಂದ ತಿದ್ದುಪಡಿಯಲ್ಲಿ ಅವರನ್ನು ಕರ್ನಾಟಕದ ಪಟ್ಟಿಗೆ ಸೇರಿಸಿದರು. ಸೇರಿಸುವಾಗಲೇ ಹೊಸ ಕಂಡಿಷನ್: ಸಿದ್ದಿ, ಉತ್ತರ ಕನ್ನಡ ಜಿಲ್ಲೆಯಲ್ಲಿ. ಜನ ಹೆಚ್ಚಿದ್ದದ್ದು ಆ ಜಿಲ್ಲೆಯಲ್ಲಿ, ಸಂಘಟನೆ ಬೆಳೆದದ್ದು ಅಲ್ಲಿ, ಅಧ್ಯಯನಗಳೂ ಅಲ್ಲಿನವೇ. 1976ರಲ್ಲಿ ಬಂದ ಟಿ.ಸಿ. ಪಾಲಾಕ್ಷಪ್ಪನವರ ಪುಸ್ತಕದ ಹೆಸರಿನಲ್ಲೇ ಉತ್ತರ ಕೆನರಾ ಇದೆ. ಕಲಘಟಗಿ, ಖಾನಾಪುರದ ಸಿದ್ದಿಗಳು ಹೊರಗೆ ಉಳಿದರು.

ಹೊರಗುಳಿಯುವುದು ಅಂದರೆ ಏನು? ನಾನು ಹುಬ್ಬಳ್ಳಿಯಲ್ಲಿ ಪಿಯುಸಿ ಓದುವಾಗ ರೂಮಿನಲ್ಲಿ ಕಲಘಟಗಿ ಕಡೆಯ ಒಬ್ಬ ಸಿದ್ದಿ ಗೆಳೆಯ ಇದ್ದ. ಗಣಿತದಲ್ಲಿ ನನಗಿಂತ ಚುರುಕು. ಸ್ಕಾಲರ್‌ಶಿಪ್ ಫಾರ್ಮು ತುಂಬುವ ದಿನ ಅವನು ಹೇಳಿದ್ದು ನನಗಿನ್ನೂ ನೆನಪಿದೆ. "ನಮ್ಮವ್ವ ಯಲ್ಲಾಪುರ ಕಡೆಯಾಕಿ, ಆಕಿ ಎಸ್ಟಿ. ನಮ್ಮ ಸ್ವಾದರಮಾವನ ಮಗಾನೂ ಎಸ್ಟಿ. ನಾ ಅಲ್ಲ ನೋಡಪಾ. ಲಗ್ನಾ ಮಾಡ್ಕೊಂಡು ಈ ಕಡೆ ಬರೂಮುಂದ ನಮ್ಮವ್ವ ಅದನ್ನ ಅಲ್ಲೇ ಬಿಟ್ಟು ಬಂದಾಳ" ಅಂತ ನಕ್ಕ. ಮಕ್ಕಳಿಗೆ ಬರುವುದು ಅಪ್ಪನ ಕಡೆಯ ದರ್ಜೆ ತಾನೇ? ಮಾವನ ಮಗ ಎಸ್ಟಿ ಹಾಸ್ಟೆಲ್ಲಿನಲ್ಲಿದ್ದು, ಫೀ ಮಾಫಿ ಪಡೆದು ಡಿಗ್ರಿ ಮುಗಿಸಿದ. ನನ್ನ ಗೆಳೆಯ ಪಿಯುಸಿ ಆದಮೇಲೆ ಗ್ಯಾರೇಜು ಸೇರಿದ. ಇಬ್ಬರ ಮನೆಗೂ ನಡುವೆ ಅರ್ಧ ದಿನದ ಕಾಲುದಾರಿ.

ಓದಿಗಿಂತ ದೊಡ್ಡದು ಭೂಮಿ. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನಲ್ಲಿ ಸಾಗುವಳಿ ಮಾಡುತ್ತಿರುವವರಿಗೆ ಹಕ್ಕುಪತ್ರ ಕೊಡುತ್ತೇನೆ ಅನ್ನುತ್ತದೆ. ಆದರೆ ಅರ್ಜಿದಾರರಲ್ಲಿ ಎರಡು ವರ್ಗ. ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕಿಂತ ಮೊದಲು ಆ ಭೂಮಿಯಲ್ಲಿ ಇದ್ದೆವು ಅಂತ ತೋರಿಸಿದರೆ ಸಾಕು. ಉಳಿದವರು "ಇತರೆ ಪಾರಂಪರಿಕ ಅರಣ್ಯವಾಸಿಗಳು". ಅವರು ಅದೇ ದಿನಾಂಕಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಆ ಕಾಡನ್ನೇ ನೆಚ್ಚಿದ್ದೆವು ಅಂತ ತೋರಿಸಬೇಕು. ಲೆಕ್ಕ ಹಾಕಿ: 1930. ಗೆರೆಯ ಆ ಕಡೆಯ ಸಿದ್ದಿ ಮೊದಲ ಸಾಲಿನಲ್ಲಿ, ಈ ಕಡೆಯ ಸಿದ್ದಿ ಎರಡನೇ ಸಾಲಿನಲ್ಲಿ. ನಮ್ಮ ಮನೆಯ ಟ್ರಂಕಿನಲ್ಲಿ ಮುತ್ತಜ್ಜನ ಹೆಸರಿನ ಉತಾರ ಇದೆ, ಯಾಕೆಂದರೆ ಎರಿ ಹೊಲವನ್ನು ಅಳೆದು, ನಂಬರು ಹಾಕಿ, ಕಂದಾಯ ವಸೂಲಿ ಮಾಡುವುದರಲ್ಲಿ ಸರಕಾರಕ್ಕೆ ಲಾಭ ಇತ್ತು. ಮಾಲೀಕನಿಂದ ತಪ್ಪಿಸಿಕೊಂಡು ಯಾರ ಕಣ್ಣಿಗೂ ಬೀಳಬಾರದು ಅಂತ ಕಾಡು ಸೇರಿದವರ ಮೊಮ್ಮಗ 1930ರ ಕಾಗದ ಎಲ್ಲಿಂದ ತರಬೇಕು?

ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. ಉತ್ತರ ಧ್ರುವದ ಹತ್ತಿರ ಇನುಪಿಯಾಟ್ ಅಂತ ಜನ ಇದ್ದಾರೆ, ತಿಮಿಂಗಿಲ ಬೇಟೆಯವರು. 1825ರಲ್ಲಿ ರಷ್ಯಾ ಮತ್ತು ಬ್ರಿಟನ್ 141ನೇ ರೇಖಾಂಶದ ಮೇಲೆ ಒಂದು ನೆಟ್ಟನೆಯ ಗೆರೆ ಎಳೆದುಕೊಂಡವು. ಮುಂದೆ ಪಶ್ಚಿಮದ ಭಾಗ ಅಮೆರಿಕಾದ ಅಲಾಸ್ಕಾ ಆಯಿತು, ಪೂರ್ವದ್ದು ಕೆನಡಾ. ಅಲಾಸ್ಕಾದ ಎಷ್ಟೋ ಇನುಪಿಯಾಟ್ ಕುಟುಂಬಗಳು ತುಪ್ಪಳದ ಬೇಟೆಗೆ ಅಂತ ಗೆರೆ ದಾಟಿ ಕೆನಡಾದ ಮೆಕೆಂಜಿ ನದಿಯ ಮುಖಜ ಭೂಮಿಗೆ ಹೋಗಿ ನಿಂತವು. ಇವತ್ತಿನ ಇನುವಿಯಾಲುಯಿಟ್ ಜನರಲ್ಲಿ ಅವರ ಮಕ್ಕಳೂ ಸೇರಿದ್ದಾರೆ. 1968ರಲ್ಲಿ ಅಲಾಸ್ಕಾದ ಪ್ರೂಡೋ ಬೇಯಲ್ಲಿ ಎಣ್ಣೆ ಸಿಕ್ಕಿತು. ಪೈಪ್‌ಲೈನ್ ಹಾಕಬೇಕಾದರೆ ಭೂಮಿಯ ಜಗಳ ತೀರಬೇಕಿತ್ತು, ಹಾಗಾಗಿ 1971ರಲ್ಲೇ ಕಾಯ್ದೆ ಬಂತು. ಅಲಾಸ್ಕಾದ ಎಲ್ಲ ಮೂಲನಿವಾಸಿಗಳಿಗೂ ಸೇರಿ ಸುಮಾರು 4.4 ಕೋಟಿ ಎಕರೆ, 96 ಕೋಟಿ ಡಾಲರಿನಷ್ಟು ಪರಿಹಾರ, ಜನರನ್ನೇ ಷೇರುದಾರರನ್ನಾಗಿ ಮಾಡಿದ ಕಂಪನಿಗಳು. ಮರುವರ್ಷ ಇನುಪಿಯಾಟರು ತಮ್ಮದೇ ಸ್ಥಳೀಯ ಸರಕಾರ ಕಟ್ಟಿಕೊಂಡು ಎಣ್ಣೆಯ ಮೇಲೆ ತೆರಿಗೆ ಹಾಕಿದರು. ಗೆರೆ ದಾಟಿ ಹೋಗಿದ್ದ ಬಳಗಕ್ಕೆ ಕೆನಡಾದಲ್ಲಿ ಒಪ್ಪಂದ ಆದದ್ದು 1984ರಲ್ಲಿ, 13 ವರ್ಷ ತಡವಾಗಿ. ಅದರ ಷರತ್ತುಗಳೂ ಬೇರೆ. ಒಂದೇ ಬಳಗದವರ ಕಿಸೆ, ಶಾಲೆ, ಆಸ್ಪತ್ರೆ ಎಲ್ಲ ಬೇರೆ ಬೇರೆ ದಾರಿ ಹಿಡಿದವು. ಅಲ್ಲಿ ಗೆರೆ ಎರಡು ದೇಶಗಳದ್ದು, ಹೋಗಲಿ ಅನ್ನಬಹುದು. ನಮ್ಮಲ್ಲಿ ಎರಡೂ ಕಡೆ ಒಂದೇ ವಿಧಾನಸೌಧ.

ಮಾನವಶಾಸ್ತ್ರದವರು, ಸರ್ವೆಯವರು ಎರಡು ಊರುಗಳನ್ನು ಹೋಲಿಸಿ "ಈ ಊರವರು ಮುಂದುವರಿದರು, ಆ ಊರವರು ಹಿಂದುಳಿದರು" ಅಂತ ಬರೆಯುವಾಗ ನಾವು ಕಾರಣವನ್ನು ಜನರ ಸ್ವಭಾವದಲ್ಲಿ ಹುಡುಕುತ್ತೇವೆ. ಕುಡಿತ, ಸೋಮಾರಿತನ, ಓದಿನ ಆಸಕ್ತಿ ಇಲ್ಲ ಇತ್ಯಾದಿ. ಗೆರೆಯ ಎರಡು ಬದಿಯ ಸಿದ್ದಿಗಳು ಈ ಮಾತಿಗೆ ಒಳ್ಳೆಯ ಪರೀಕ್ಷೆ. ರಕ್ತ ಒಂದೇ, ಕುಣಿತ ಒಂದೇ, ಬಡತನದ ಶುರುವೂ ಒಂದೇ. ಬದಲಾದದ್ದು ಕಾಯ್ದೆಯ ಒಂದು ಸಾಲು. ಹಾಗಂತ ಉತ್ತರ ಕನ್ನಡದ ಸಿದ್ದಿಗಳು ಸುಖವಾಗಿದ್ದಾರೆ ಅಂತ ಅಲ್ಲ. ಹೆಚ್ಚುಕಡಿಮೆ ಪೂರಾ ಕಾಡೇ ಆಗಿರುವ ಆ ಜಿಲ್ಲೆಯಲ್ಲಿ ಹಕ್ಕುಪತ್ರದ ಜಗಳ ಇನ್ನೂ ಇದೆ. ಆದರೆ ಅವರಿಗೆ ಬಾಗಿಲು ತಟ್ಟಲಿಕ್ಕಾದರೂ ಒಂದು ಬಾಗಿಲಿತ್ತು.

2020ರಲ್ಲಿ ಆ ಸಾಲು ತಿದ್ದಲ್ಪಟ್ಟಿತು. ಈಗ ಪಟ್ಟಿಯಲ್ಲಿ "ಸಿದ್ದಿ, ಬೆಳಗಾವಿ, ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ" ಅಂತಿದೆ. ಅದೇ ವರ್ಷ ಯಲ್ಲಾಪುರ ಕಡೆಯ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಕರ್ನಾಟಕದ ಶಾಸನಸಭೆಯಲ್ಲಿ ಕೂತ ಮೊದಲ ಸಿದ್ದಿ ಅವರು. ಖುಷಿಯ ಸುದ್ದಿಯೇ. ಆದರೆ ಕಂಡಿಷನ್ ಹೋಗಿಲ್ಲ ನೋಡಿ, ಒಂದು ಜಿಲ್ಲೆ ಇದ್ದದ್ದು ಮೂರಾಗಿದೆ ಅಷ್ಟೇ. ಮತ್ತೆ 2003ರಿಂದ 2020ರ ನಡುವೆ ಕಲಘಟಗಿಯಲ್ಲಿ ಹತ್ತನೇ ಕ್ಲಾಸು ಮುಗಿಸಿದ ಮಕ್ಕಳಿಗೆ ಯಾವ ತಿದ್ದುಪಡಿಯೂ ಹಿಂದಿನ ದಿನಾಂಕದಿಂದ ಜಾರಿಯಾಗುವುದಿಲ್ಲ. ನನ್ನ ಗೆಳೆಯನ ಮಗಳು ಈಗ ಅಂಗನವಾಡಿಗೆ ಹೋಗುತ್ತಾಳೆ. ಅವಳು ಎಸ್ಟಿ. ಅಜ್ಜಿ ಎಸ್ಟಿ, ಮೊಮ್ಮಗಳು ಎಸ್ಟಿ, ನಡುವಿನವನ ಓದಿನ ವಯಸ್ಸು ಮಾತ್ರ ಹೊರಗೇ ಕಳೆದುಹೋಯಿತು.

ಕೊಳ್ಳೇಗಾಲ, ಕೊಡಗು, ಬೀದರ್, ಕಾಸರಗೋಡು ಕಡೆಯಿಂದ ಓದುತ್ತಿರುವವರು ನಿಮ್ಮ ಕಡೆ ಇಂಥ ಗೆರೆ ಇದ್ದರೆ ದಯವಿಟ್ಟು ಬರೆಯಿರಿ. ಯಾವ ಊರಿಗೂ ಯಾವ ಊರಿಗೂ ನಡುವೆ, ಯಾವ ಕಾಲದ್ದು, ಅದರಿಂದ ಯಾರಿಗೆ ಏನು ತಪ್ಪಿತು ಅಂತ. ಇಂಥವು ಗ್ಯಾಜೆಟಿಯರ್‌ನಲ್ಲಿ ಸಿಗುವುದಿಲ್ಲ, ಊರವರೇ ಹೇಳಬೇಕು.